ಗಿರಾಕಿಗೆ ಕೊಡದ ಮಾತು

ಕಲಬುರಗಿಯಿಂದ ಬಸವಕಲ್ಯಾಣದವರೆಗೂ ಚೀಲವನ್ನು ತೊಡೆಯಿಂದ ಇಳಿಸಲಿಲ್ಲ. ಪಕ್ಕದ ಸೀಟಿನವರು ಎರಡು ಸಲ "ಮ್ಯಾಲ ಇಡ್ರಿ" ಅಂದಿದ್ದರು. ಹಾಗೆ ಅಂದದ್ದಕ್ಕೇ ಅವರ ಮೇಲೆ ಗುಮಾನಿ ಬಂತು. ನನ್ನ ಸ್ವಭಾವವೇ ಹಾಗೆ, ಏನು ಮಾಡಲಿ. ಮುಡಬಿಗೆ ಹೋಗುವ ಶೇರ್ ಆಟೋದವನು ನಲವತ್ತು ರೂಪಾಯಿ ಕೇಳಿದಾಗಲೂ ಒಳಗೆ ಕೂತ ಹೆಂಗಸನ್ನು ವಿಚಾರಿಸಿಕೊಂಡೇ ಹತ್ತಿದೆ.

ಹೊರಟಿದ್ದು ಘಿಸಾಡಿಗಳನ್ನು ಕಾಣಲು. ಊರೂರು ತಿರುಗಿ ಕೊಡಲಿ, ಕುಡುಗೋಲು ಬಡಿದುಕೊಡುವ ಕಮ್ಮಾರರು ಇವರು. ಇವರದೇ ಒಂದು ಭಾಷೆಯಿದೆ, ಅದಕ್ಕೆ ಬರಹವಿಲ್ಲ. ಮಕ್ಕಳು ಈಗ ಕನ್ನಡದಲ್ಲೋ ಹಿಂದಿಯಲ್ಲೋ ಉತ್ತರ ಕೊಡುತ್ತಾರೆ. ಬಲ್ಲ ಹಿರಿಯರು ಇರುವಾಗಲೇ ಒಂದಿಷ್ಟು ಮಾತು ದಾಖಲಿಸಬೇಕೆಂಬುದು ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ನನಗೆ ಹತ್ತಿದ ಹುಚ್ಚು.

ಮುಡಬಿಯ ರಸ್ತೆ ಪಕ್ಕ, ತಗಡಿನ ನೆರಳಲ್ಲಿ ಗಂಗಾಬಾಯಿಯವರ ಕುಲುಮೆ. ಇವರಲ್ಲಿ ಗಂಡ ಕಾದ ಕಬ್ಬಿಣ ಹಿಡಿದು ಕೂತರೆ ದೊಡ್ಡ ಸುತ್ತಿಗೆ ಬೀಸುವುದು ಹೆಂಡತಿ. ಅರವತ್ತು ದಾಟಿದ ಗಂಗಾಬಾಯಿ ನಿಂತು ಬೀಸುತ್ತಿದ್ದರು. ನನ್ನನ್ನು ಕಂಡು ಗಂಡ ಹೆಂಡತಿ ತಮ್ಮ ಭಾಷೆಯಲ್ಲಿ ಏನೋ ಆಡಿಕೊಂಡರು. ಗಂಡ ನಕ್ಕರು. ನನ್ನ ವಿಷಯವೇ, ಬೇರೆ ಏನಿರುತ್ತದೆ.

ಫೋನ್ ತೆಗೆದೊಡನೆ ಸುತ್ತಿಗೆ ನಿಂತಿತು. "ಅದರಾಗ ಏನ್ ತುಂಬಾಕತ್ತೀರಿ, ಸಾಹೇಬ್ರ?"

"ನಿಮ್ಮ ಮಾತು ಉಳೀಲಿ ಅಂತ, ಅಕ್ಕಾರ."

"ಗಿರಾಕಿ ಮುಂದ ನಾವು ಇಬ್ಬರೇ ಆಡೋ ಮಾತ್ರಿ ಇದು. ರೇಟು ಎಷ್ಟು ಹೇಳಬೇಕು, ಎಷ್ಟಕ್ಕ ಬಿಡಬೇಕು, ಎಲ್ಲಾ ಇದರಾಗೇ. ಗಿರಾಕಿ ಕೈಗೇ ಕೊಟ್ಟ್ರ ನಾವು ಹ್ಯಾಂಗ ಬದುಕಬೇಕು?"

ಫೋನನ್ನು ಜೇಬಿಗೆ ಹಾಕಿದೆ. ಕೊಟ್ಟ ಚಹಾ ಕುಡಿಯುತ್ತ ಕೂತೆ. ಬಿಸಿಲು ಏರಿದ ಮೇಲೆ ಅವರೇ ಮಾತು ತೆಗೆದರು. ತಮ್ಮ ಅಕ್ಕ ತಾರಾಬಾಯಿ ಹುಮನಾಬಾದಿನ ಹತ್ತಿರ ಮಾಣಿಕನಗರದಲ್ಲಿದ್ದಾರೆ, ಕಾಲು ಬಿದ್ದುಹೋಗಿದೆ, ಮನೆಯಲ್ಲಿ ಈ ಭಾಷೆ ಆಡುವವರಿಲ್ಲ, ಕೈಯಲ್ಲಿ ಫೋನೂ ಇಲ್ಲ. "ಅಕೀಗಿ ಎರಡು ಮಾತು ಹೇಳ್ತೀನಿ, ಒಯ್ದು ಕೇಳಸ್ರಿ. ಕೇಳಿದ ಮ್ಯಾಲ ಅಕಿ ಮುಂದೇ ಅಳಸ್ಬೇಕು."

ಆಣೆ ಮಾಡಿದೆ. ಗಂಗಾಬಾಯಿ ಮೂರು ನಿಮಿಷ ಮಾತಾಡಿದರು. ನಡುವೆ ಎರಡು ಸಲ ನನ್ನ ಮುಖ ನೋಡಿದರು.

ಬಸವಕಲ್ಯಾಣಕ್ಕೆ ವಾಪಸು ಬಂದು ಹುಮನಾಬಾದ್ ಬಸ್ ಹಿಡಿದೆ. ಮೂವತ್ತು ಕಿಲೋಮೀಟರ್ ದಾರಿಯುದ್ದಕ್ಕೂ ಆ ಎರಡು ನೋಟ ತಲೆ ಕೊರೆಯಿತು. ಬೈದಿರಬೇಕು. ಇವನ ಫೋನ್ ಕಸಿದುಕೋ ಅಂತಲೇ ಹೇಳಿದ್ದರೆ? ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಿರ್ಚಿ ಭಜಿ ತಿನ್ನುತ್ತ, ಆ ಧ್ವನಿಯ ಇನ್ನೊಂದು ಪ್ರತಿಯನ್ನು ನನ್ನ ಇ-ಮೇಲಿಗೆ ಕಳಿಸಿಕೊಂಡೆ. ಆಮೇಲೆ ಮಾಣಿಕನಗರದ ಆಟೋ ಹತ್ತಿದೆ.

ಮಠದ ಹಿಂದಿನ ಓಣಿಯಲ್ಲಿ, ಅಂಗಳದ ಹೊರಸಿನ ಮೇಲೆ ತಾರಾಬಾಯಿ ಕೂತಿದ್ದರು. ಫೋನನ್ನು ಕಿವಿಗೆ ಒತ್ತಿಕೊಂಡು ಮೂರು ಸಲ ಕೇಳಿದರು. ಮೊದಲ ಸಲ ನಕ್ಕರು. ಎರಡನೆಯ ಸಲ ತಂಗಿ ಎದುರಿಗೇ ಇದ್ದಂತೆ ಉತ್ತರ ಕೊಟ್ಟರು. ಮೂರನೆಯ ಸಲ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಏನ್ ಅನ್ನಾಕತ್ತಾರ, ಅತ್ತಿ?" ಬಾಗಿಲಲ್ಲಿದ್ದ ಸೊಸೆ ಕೇಳಿದಳು.

"ನಿನಗ ತಿಳ್ಯಂಗಿಲ್ಲ, ಬಿಡು."

ನನಗೆ ತಡೆಯಲಾಗಲಿಲ್ಲ. "ಅದರಾಗ ನನ್ನ ಸುದ್ದಿ ಏನರ ಅದ ಏನ್ರಿ?"

"ಸುರುವಿಗೇ ನಿಮ್ಮ ಸುದ್ದಿ ಅದ. ಈ ಮನಷ್ಯಾ ಮಾತಿಗೆ ಖರೇ ಇದ್ದಂಗ ಕಾಣ್ತಾನ, ಅದಕ್ಕ ಮನಸ್ ಬಿಚ್ಚಿ ಮಾತಾಡಾಕತ್ತೀನಿ ಅಂದಾಳ." ಫೋನ್ ನನ್ನ ಕೈಗಿತ್ತರು. "ಅಳಸ್ರಿ ಈಗ."

ಅಳಿಸಿದೆ. ತೋರಿಸಿದೆ.

"ಮತ್ತ ಎಲ್ಲೂ ಇಲ್ಲಲ್ರಿ?"

"ಇಲ್ರಿ" ಅಂದೆ. ಅವರು ನಂಬಿದರು. ಅಂಗೈಗೆ ಒಂದು ತುಂಡು ಬೆಲ್ಲ ಇಟ್ಟು ನೀರು ಕೊಡಿಸಿದರು. ನೀರು ಮಾತ್ರ ಕುಡಿದು, ಬೆಲ್ಲವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡೆ.

ಕಲಬುರಗಿ ಬಸ್ಸಿನಲ್ಲಿ ಚೀಲವನ್ನು ಮೇಲಿಟ್ಟೆ. ನನ್ನನ್ನು ಬಿಟ್ಟರೆ ಬೇರೆ ಕಳ್ಳ ಯಾರೂ ಆ ಬಸ್ಸಿನಲ್ಲಿರಲಿಲ್ಲ. ಇಯರ್‌ಫೋನ್ ಹಾಕಿಕೊಂಡು ಆ ಪ್ರತಿಯನ್ನು ಕೇಳಿದೆ. ಅಕ್ಕ ತಂಗಿ ಹಂಚಿಕೊಂಡದ್ದು ಏನೆಂದು ಈಗ ಯಾರನ್ನೂ ಕೇಳುವಂತಿಲ್ಲ. ಮೂರು ನಿಮಿಷದಲ್ಲಿ ನನಗೆ ಅರ್ಥ ಗೊತ್ತಿರುವುದು ಮೊದಲ ಮಾತೊಂದೇ.