ನಡುತಿಂಗಳ ನೋವು ಮತ್ತು ಬಸಳೆ

ತಿಂಗಳಲ್ಲಿ ಒಂದು ದಿನ ನನ್ನ ಕಿಬ್ಬೊಟ್ಟೆಯ ಒಂದು ಬದಿ ಹಿಡಿದುಕೊಳ್ಳುತ್ತಿತ್ತು. ಅಮ್ಮ ಕೂಡಲೇ ವಿಚಾರಣೆ ಶುರು ಮಾಡುತ್ತಿದ್ದರು: "ನಿನ್ನೆ ಎಂತ ತಿಂದದ್ದು?" ನಾನು ಹೆಸರಿಸಿದ್ದು ಮರುದಿನದಿಂದ ನನಗೆ ಬಂದ್. ಹೀಗೆ ಹಲಸು ಹೋಯಿತು, ಕಡಲೆ ಹೋಯಿತು. ಬಂಗುಡೆ ಮೀನೂ ಹೋದ ದಿನ ಸಿಟ್ಟು ಬಂದು ಕಂಕನಾಡಿಯ ಡಾಕ್ಟರ ಬಳಿ ಹೊರಟೆ. ಸಾಕ್ಷಿ ಹೇಳಲು ಅಮ್ಮನೂ ಬಂದರು.

ಡಾಕ್ಟರು ಊಟದ ಸುದ್ದಿಯನ್ನೇ ಎತ್ತದೆ ಮುಟ್ಟಿನ ತಾರೀಕು ಕೇಳಿದರು, ಸ್ಕ್ಯಾನ್ ನೋಡಿದರು. "ಎರಡು ಮುಟ್ಟಿನ ನಡುವೆ ಅಂಡಾಶಯದಿಂದ ಅಂಡ ಹೊರಬರುವಾಗ ಕೆಲವರಿಗೆ ಹೀಗೆ ನೋವು ಬರ್ತದೆ. ಮಿಟೆಲ್‌ಶ್ಮೆರ್ಟ್ಸ್ ಅಂತ ಹೇಳ್ತೇವೆ. ಜರ್ಮನ್ ಶಬ್ದ, ನಡುವಿನ ನೋವು ಅಂತ ಅರ್ಥ. ಹೆದರುವಂಥದ್ದು ಎಂತ ಇಲ್ಲ."

"ಬಂಗುಡೆ ತಿನ್ನಬಹುದಾ?" ಅಮ್ಮನಿಗೆ ಕೇಳಿಸುವಂತೆ ಕೇಳಿದೆ.

"ಧಾರಾಳ ತಿನ್ನಿ."

ವಾಪಸು ಬಸ್ಸು ಹತ್ತಿದೆವು. ಗೆದ್ದ ಖುಷಿಯಲ್ಲಿ ನಾನು ಆ ಜರ್ಮನ್ ಶಬ್ದವನ್ನು ಎರಡು ಸಲ ಜೋರಾಗಿಯೇ ಹೇಳಿದೆ.

"ನನಗೂ ಹೀಗೇ ಬರ್ತಿತ್ತು ಮಾರಾಯ್ತಿ" ಎಂದರು ಅಮ್ಮ. "ಮದುವೆಯಾದ ಹೊಸತರಲ್ಲಿ ನನ್ನ ಅತ್ತೆ, ಅದು ಬಸಳೆಯಿಂದ ಅಂತ ಹೇಳಿದ್ರು. ಬಸಳೆ ಬಿಟ್ಟು ಮೂವತ್ತು ವರ್ಷ ಆಯ್ತು."

"ಬಿಟ್ಟ ಮೇಲೆ ನೋವು ನಿಂತಿತಾ?"

"ಎಲ್ಲಿ ನಿಲ್ತದೆ."

ಇಳಿದವರೇ ಒಂದು ಕಟ್ಟು ಬಸಳೆ ಕೊಂಡೆವು. ಮಧ್ಯಾಹ್ನ ಅಮ್ಮ ಮೂರನೇ ಸಲ ಬಸಳೆಯ ಪದಾರ್ಥ ಬಡಿಸಿಕೊಳ್ಳುತ್ತಾ, ಬಟ್ಟಲಿನಿಂದ ತಲೆಯೆತ್ತದೆ ಹೇಳಿದರು: "ನನ್ನ ಅತ್ತೆಗೆ ಬಸಳೆ ಅಂದ್ರೆ ಜೀವ."