ಬಾನೆಟ್ ಮೇಲಿಟ್ಟ ಇನ್ಸುಲಿನ್

ಇನ್ಸುಲಿನ್ ಬಿಸಿಯಾಗಿತ್ತು ಎಂದು ನಾನು ಹೇಳಲಿಲ್ಲ. ಎರಡು ಸಲ ಕೇಳಿದರು. ಎರಡು ಸಲವೂ ಸುಳ್ಳು ಹೇಳಿದೆ. ಆಮೇಲೆ ಯಾರೂ ಕೇಳಲಿಲ್ಲ, ನಾನೂ ಸುಮ್ಮನಿದ್ದೆ.

ನಾನು ಏಳನೆಯ ತರಗತಿವರೆಗೆ ಓದಿದವಳು. ಔರಾದದಲ್ಲಿ ಬ್ಲೌಸ್ ಹೊಲಿಯುತ್ತೇನೆ. ಬರೆಯುವ ರೂಢಿ ಇಲ್ಲ. ಆದರೆ ಬಾಯಲ್ಲಿ ಹೇಳುವಾಗ ಮಾತು ನನ್ನ ಕಡೆಗೇ ವಾಲುತ್ತದೆ. ಬರೆದರೆ, ವಾಲಿದ್ದು ಕಣ್ಣಿಗೆ ಕಾಣುತ್ತದೆ. ಅಳಿಸಿ ಮತ್ತೆ ಬರೆಯಬಹುದು.

ತಂಗಿ ಸವಿತಾಳಿಗೆ ಹತ್ತು ವರ್ಷವಿದ್ದಾಗ ಶುಗರ್ ಬಂತು. ದೊಡ್ಡವರಿಗೆ ಬರುವ ಶುಗರ್ ಅಲ್ಲ. ದೇಹದಲ್ಲಿ ಇನ್ಸುಲಿನ್ನೇ ತಯಾರಾಗದ ಜಾತಿಯದು. ಅವ್ವ ಅಷ್ಟರಲ್ಲಿ ತೀರಿಹೋಗಿದ್ದಳು. ನನಗೆ ಹದಿನೇಳು. ಬದನೆಕಾಯಿಗೆ ಸೂಜಿ ಚುಚ್ಚಿ ಕಲಿತೆ, ಆಮೇಲೆ ಅವಳ ತೊಡೆಗೆ ಚುಚ್ಚಿದೆ. ಅವಳು ಅಳಲಿಲ್ಲ. ನಾನು ಅತ್ತೆ.

ಭಾಲ್ಕಿಯವರು ಅವಳನ್ನು ನೋಡಲು ಬಂದಾಗ ನಾವು ರೋಗ ಮುಚ್ಚಿಡಲಿಲ್ಲ. ಅವಳ ಅತ್ತೆ ಒಂದೇ ಮಾತು ಕೇಳಿದರು. "ಹುಡುಗಿ ನಮ್ಮಾಕಿ ಆಗ್ತಾಳ್ರಿ. ಔಷಧಿ ಮಾತ್ರ ತವರಿನವರೇ ತಂದು ಮುಟ್ಟಸ್ಬೇಕು." ಬೇರೆಯವರ ಮನೆಯ ಹೆಣ್ಣುಮಕ್ಕಳಿಗೆ ತವರಿನಿಂದ ಹಬ್ಬದ ಬುತ್ತಿ ಹೋಗುತ್ತದೆ. ಸವಿತಾಳಿಗೆ ತಿಂಗಳಿಗೊಮ್ಮೆ ಇನ್ಸುಲಿನ್ ಹೋಗುತ್ತಿತ್ತು. ಔರಾದದಿಂದ ಬೀದರ, ಅಲ್ಲಿ ಔಷಧಿ ಅಂಗಡಿ, ಅಲ್ಲಿಂದ ಭಾಲ್ಕಿ. ತವರು ಎಂದರೆ ಅವಳಿಗೆ ನಾನೊಬ್ಬಳೇ.

ಎರಡು ವರ್ಷದ ಹಿಂದೆ ಅವಳಿಗೆ ಪಂಪ್ ಹಾಕಿದರು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಸಣ್ಣ ಮಷೀನು, ಅದರಿಂದ ಒಂದು ತೆಳು ನಳಿಕೆ, ಅದರ ತುದಿ ಹೊಟ್ಟೆಯ ಚರ್ಮದೊಳಗೆ. ಹಗಲು ರಾತ್ರಿ ಹನಿಹನಿಯಾಗಿ ಇನ್ಸುಲಿನ್ ಹೋಗುತ್ತಿರುತ್ತದೆ. ಮೂರು ದಿನಕ್ಕೊಮ್ಮೆ ಬಾಟಲಿಯಿಂದ ತುಂಬಬೇಕು. ಬೀದರದ ಲೇಡಿ ಡಾಕ್ಟರ್, ನಾವೆಲ್ಲ ಡಾಕ್ಟರ್ ಬಾಯಿ ಎನ್ನುವವರು, ಅವಳಿಗೆ ಹೇಳಿದ್ದರು: "ಮಗು ಬೇಕಂದ್ರ ಮೊದಲ ಮೂರು ತಿಂಗಳು ಶುಗರ್ ಹದದಾಗ ಇರ್ಬೇಕು. ಕೂಸಿನ ಹೃದಯ, ಬೆನ್ನು ತಯಾರಾಗೋದು ಅವಾಗೇ."

ಮದುವೆಯಾದ ಮೇಲೆ ನನಗೆ ಮೂರು ಸಲ ಬಸುರು ನಿಂತಿತ್ತು. ಮೂರು ಸಲವೂ ಉಳಿಯಲಿಲ್ಲ. ಇದನ್ನು ಇಲ್ಲಿ ಹೇಳಲೇಬೇಕು.

ಅವತ್ತು ಬಿರುಬಿಸಿಲು. ಔಷಧಿ ಅಂಗಡಿಯ ಚಾಚಾ ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಹಾಕಿ, ಬಾಟಲಿಗಳನ್ನಿಟ್ಟು ಟೇಪ್ ಸುತ್ತಿದರು. "ಬಾಯಿ, ಧೂಪ್ ಭಾಳ ಅದ. ತೊಡಿ ಮ್ಯಾಲಿಂದ ಇಳಸಬ್ಯಾಡ್ರಿ. ಬಚ್ಚಾ ಇದ್ದಂಗ ಸಂಭಾಳಿಸ್ರಿ." ಪ್ರತಿ ತಿಂಗಳೂ ಅವರು ಹೇಳುವ ಮಾತೇ ಅದು.

ಖಟಕ ಚಿಂಚೋಳಿಗೆ ಹೋಗುವ ಬಸ್ಸು ಸಿಕ್ಕಿತು, ಭಾಲ್ಕಿ ಮೇಲಿಂದಲೇ ಹೋಗುವಂಥದ್ದು. ಡ್ರೈವರ್ ಪಕ್ಕದ ಸೀಟು. ಕಂಡಕ್ಟರ್ ನನ್ನ ಗುರುತಿನವನೇ.

"ಬಾಯಾರ, ಯಾವಾಗ್ಲೂ ಆ ಡಬ್ಬಿ ಅಪ್ಪಿಕೊಂಡೇ ಕೂಡ್ತೀರಲ್ರಿ. ಏನ್ ಬಂಗಾರ ಅದಾವೇನು ಅದರಾಗ? ಬಾನೆಟ್ ಮ್ಯಾಲ ಇಡ್ರಿ, ಈ ಅಮ್ಮಾರ್ ಕೂಡ್ಲಿ."

"ಬಂಗಾರೇ ಅದ ಅಂತ ತಿಳ್ಕೋ," ಎಂದು ಸರಿದು ಕೂತೆ. ಬಾನೆಟ್ ಎಂದರೆ ಬಸ್ಸಿನೊಳಗೆ ಡ್ರೈವರ್ ಪಕ್ಕದಲ್ಲಿರುವ ಎಂಜಿನ್ನಿನ ಮುಚ್ಚಳ. ಬೇಸಿಗೆಯಲ್ಲಿ ಅದರ ಮೇಲೆ ಕೈ ಇಡಲಾಗುವುದಿಲ್ಲ.

ಪಕ್ಕದಲ್ಲಿ ಕೂತವಳು ತಂಗಿಯ ಓಣಿಯ ಶರಣಮ್ಮ.

"ತಂಗೀಗಿ ನೋಡ್ಲಾಕ ಹೊಂಟೀಯೇನವ್ವಾ? ಬರೇ ಔಷಧಿನೋ, ಹುಳಿ ಮಾವಿನಕಾಯಿನೂ ಒಯ್ದೀಯೋ? ಎರಡು ತಿಂಗಳಂತಲ್ಲ."

"ಯಾರಿಗಿ ಎರಡು ತಿಂಗಳು?"

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. "ಅಯ್ಯ, ನಿನಗ ಹೇಳಿಲ್ಲೇನು? ಓಣಿಗೆಲ್ಲಾ ಗೊತ್ತದಲ್ಲ! ಮೂರು ತುಂಬೋ ತನಕ ನಿನಗ ಹೇಳ್ಬಾರ್ದು ಅಂದಿರ್ಬೇಕು ಅವರತ್ತಿ. ನಿಂದು ಹಾಂಗ ಆಗ್ಯಾದ ನೋಡು, ಅದಕ್ಕ... ತಪ್ಪು ತಿಳ್ಕೋಬ್ಯಾಡವ್ವ."

ನನ್ನ ಕಣ್ಣು ತಾಗುತ್ತದೆ ಎಂದು ಮುಚ್ಚಿಟ್ಟಿದ್ದರು.

ಶರಣಮ್ಮ ಇನ್ನೂ ಏನೇನೋ ಹೇಳುತ್ತಿದ್ದಳು. ನಾನು ಡಬ್ಬಿಯನ್ನು ತೊಡೆಯಿಂದೆತ್ತಿ ಬಾನೆಟ್ ಮೇಲಿಟ್ಟೆ. ಮರೆತು ಇಟ್ಟದ್ದಲ್ಲ. ಮರೆತೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಗೊತ್ತಿದ್ದೇ ಇಟ್ಟೆ. ಅಷ್ಟು ಬೇಕಾದರೆ ಅವಳ ಅತ್ತೆಯೇ ಹೊತ್ತು ತರಲಿ ಎನ್ನಿಸಿತ್ತು.

ಮುಂದೆ ಬಸ್ಸಿನ ಟೈರ್ ಪಂಕ್ಚರ್ ಆಯಿತು. ಎಲ್ಲರೂ ಇಳಿದು ಬೇವಿನ ನೆರಳಿಗೆ ಹೋದೆವು. ಗಂಟೆಯ ಮೇಲಾಯಿತು. ಡಬ್ಬಿ ಒಳಗೇ ಇತ್ತು, ಕೆಳಗೆ ಎಂಜಿನ್ನಿನ ಕಾವು, ಮುಂದಿನ ಗಾಜಿನಿಂದ ಬಿಸಿಲು. ನೆನಪಾಗಲಿಲ್ಲವೆಂದಲ್ಲ. ಏಳಲಿಲ್ಲ. ಭಾಲ್ಕಿಯಲ್ಲಿ ಇಳಿದು ಟೇಪ್ ಬಿಚ್ಚಿ ಬೆರಳಿಟ್ಟು ನೋಡಿದೆ. ಐಸ್ ಕರಗಿದ ನೀರು ಸ್ನಾನದ ನೀರಿನಷ್ಟು ಬಿಸಿ. ಬಾಟಲಿಯೊಳಗಿನ ಔಷಧಿ ಮಾತ್ರ ಮೊದಲಿನಂತೆ ತಿಳಿಯಾಗಿತ್ತು. ನೀರು ಚೆಲ್ಲಿ, ಬಾಟಲಿ ಒರೆಸಿದೆ.

ಸವಿತಾ ಬಾಗಿಲಲ್ಲೇ ಡಬ್ಬಿ ಇಸಿದುಕೊಂಡಳು. "ಬಿಸಲಾಗ ದಣದಿ ಅಕ್ಕಾ. ಥಂಡ ಇತ್ತಿಲ್ಲ?"

"ಇತ್ತು."

ಬಸುರಿನ ಸುದ್ದಿ ಅವಳೇ ಹೇಳುತ್ತಾಳೆಂದು ಸಂಜೆವರೆಗೂ ಕಾದೆ. ಹೇಳಲಿಲ್ಲ. ಬಿಸಿಯಾಗಿತ್ತು ಎಂದರೆ ಯಾಕೆ ಎಂದು ಕೇಳುತ್ತಾಳೆ. ಯಾಕೆಂದು ಹೇಳಿದರೆ ನನ್ನ ಹೊಟ್ಟೆಯ ಉರಿ ಹೊರಬೀಳುತ್ತದೆ. ಒಂದೆರಡು ಗಂಟೆಗೆ ಏನಾಗುತ್ತದೆ, ಚಾಚಾ ಸುಮ್ಮನೆ ಹೆದರಿಸುತ್ತಾರೆ ಎಂದುಕೊಂಡೆ. ಮರುದಿನ ಬೆಳಿಗ್ಗೆ ಔರಾದಕ್ಕೆ ಹೊರಟುಬಂದೆ.

ನಾಲ್ಕನೆಯ ದಿನ ಅವಳ ಗಂಡ ರೇವಣ್ಣನ ಫೋನು. ಅವಳಿಗೆ ಎರಡು ದಿನದಿಂದ ವಾಂತಿ. ಬಸುರಿ ವಾಂತಿ ಎಂದು ಅತ್ತೆ ನಿಂಬೆ ಪಾನಕ ಕುಡಿಸಿದ್ದರು. ಶುಗರ್ ಮುನ್ನೂರು ದಾಟಿತ್ತು. ಚುಚ್ಚಿದ ಜಾಗ ಸರಿ ಇಲ್ಲವೆಂದು ಅವಳು ಎರಡು ಸಲ ನಳಿಕೆ ಬದಲಿಸಿದ್ದಳು. ಎರಡು ಸಲವೂ ನಾನು ತಂದ ಅದೇ ಬಾಟಲಿಯಿಂದ ತುಂಬಿದ್ದಳು.

"ಅಕ್ಕಾರ, ಉಸುರು ಜೋರ್ ಜೋರ್ ಬಿಡ್ಲಾಕತ್ತಾಳ್ರಿ. ಬೀದರಕ ಒಯ್ಲಾಕತ್ತೀವಿ."

ಔರಾದದಿಂದ ಬೀದರಕ್ಕೆ ಹೋಗುವ ಬಸ್ಸು ಜನವಾಡದಲ್ಲಿ ನಿಂತಾಗ, ಇಳಿದು ಎಲ್ಲಾದರೂ ಹೋಗಿಬಿಡಲೇ ಎನ್ನಿಸಿತು.

ಐಸಿಯುನಲ್ಲಿ ಅವಳ ಬಾಯಿಂದ ಕೊಳೆತ ಹಣ್ಣಿನ ವಾಸನೆ ಬರುತ್ತಿತ್ತು. ಇನ್ಸುಲಿನ್ ಇಲ್ಲದೆ ರಕ್ತದಲ್ಲಿ ಕೀಟೋನ್ ಎಂಬ ವಿಷದಂಥದ್ದು ಏರಿದೆ ಎಂದರು. ಎರಡು ಕೈಗೂ ಡ್ರಿಪ್. ಡಾಕ್ಟರ್ ಬಾಯಿ ಮಂಚದ ಪಕ್ಕದಲ್ಲೇ ನಿಂತು ಕೇಳಿದರು: "ಮೈಯೊಳಗೆ ಇನ್ಸುಲಿನ್ ಕೆಲಸಾನೇ ಮಾಡಿಲ್ಲ. ಬಾಟಲಿ ಯಾರು ತಂದ್ರಿ? ತಣ್ಣಗ ಇತ್ತೇನು?"

ಎಲ್ಲರೂ ನನ್ನ ಕಡೆ ನೋಡಿದರು.

"ಇತ್ತು ಮೇಡಂ."

ಸವಿತಾ ಕಣ್ಣು ತೆರೆದಳು. ತುಟಿಗಳು ಒಡೆದಿದ್ದವು. "ನಮ್ಮ ಅಕ್ಕ ತಂದಾಳ ಮೇಡಂ. ಅದರಾಗ ತಪ್ಪು ಇರಂಗಿಲ್ಲ."

ನಾನು ಅವಳ ಹೊದಿಕೆ ಸರಿ ಮಾಡಿದೆ.

ಅವಳು ಉಳಿದಳು. ಸ್ಕ್ಯಾನಿನಲ್ಲಿ ಕೂಸಿನ ಎದೆ ಬಡಿಯುತ್ತಿತ್ತು. ನಾನು ಬಟ್ಟೆ ತರುವ ನೆಪ ಹೇಳಿ ಭಾಲ್ಕಿಗೆ ಹೋದೆ, ಫ್ರಿಜ್ಜಿನಲ್ಲಿದ್ದ ಬಾಟಲಿಗಳನ್ನು ತೆಗೆದು ಬೀದರದಲ್ಲಿ ಗುಟ್ಟಾಗಿ ಕೊಂಡ ಹೊಸವನ್ನಿಟ್ಟೆ, ಹಳೆಯವನ್ನು ಚರಂಡಿಗೆ ಒಗೆದೆ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎಂದು ಸಮಾಧಾನವಾಯಿತು. ಮಾಡಿದ ತಪ್ಪಿಗಿಂತ ಆ ಸಮಾಧಾನ ನೆನೆದರೆ ಇವತ್ತಿಗೂ ಹೆಚ್ಚು ನಾಚಿಕೆಯಾಗುತ್ತದೆ.

ಫ್ರಿಜ್ಜಿನ ಬಾಟಲಿಗಳು ಸರಿ ಇದ್ದುದರಿಂದ ಅವುಗಳ ಮೇಲಿನ ಅನುಮಾನ ದೂರವಾಯಿತು. ಉಳಿದದ್ದು ಮಷೀನು.

"ಆ ಮಷೀನ್ ಡಬರಾ ತೆಗ್ದು ಒಗೀರಿ ಮೊದಲ," ಎಂದರು ಅತ್ತೆ. "ಮೈಗಿ ವೈರ್ ಕಟ್ಗೊಂಡು ಯಾರರೆ ಬಸುರಾಗ್ತಾರೇನು? ನಾವೇನ್ ರೇಡಿಯೋ ಹಡಿತೀವೇನು?" ರೇವಣ್ಣ ಪಂಪನ್ನು ಕಂಪನಿಯ ಎಂಜಿನಿಯರಿಗೆ ತೋರಿಸಲು ಕೊಟ್ಟ. ಅವಳು ಮತ್ತೆ ಸೂಜಿಗೆ ಬಂದಳು. ದಿನಕ್ಕೆ ಐದು.

ಅವಳನ್ನು ನೋಡಿಕೊಳ್ಳಲು ಭಾಲ್ಕಿಯಲ್ಲಿ ನಾನೇ ಉಳಿದೆ. ಬಸುರಿನ ಮೊದಲ ತಿಂಗಳುಗಳಲ್ಲಿ ಶುಗರ್ ದಿಢೀರನೆ ಕುಸಿಯುತ್ತದಂತೆ. ಪಂಪಿದ್ದರೆ ಇನ್ಸುಲಿನ್ನನ್ನು ಗಳಿಗೆಗೊಂದು ಲೆಕ್ಕದಲ್ಲಿ ಕಡಿಮೆ ಮಾಡಬಹುದು. ಸೂಜಿಯಿಂದ ಒಮ್ಮೆ ಚುಚ್ಚಿದ್ದನ್ನು ವಾಪಸ್ ತೆಗೆಯಲು ಬರುವುದಿಲ್ಲ. ಒಂದು ಬೆಳಿಗ್ಗೆ ಅವಳು ನಳದ ಹತ್ತಿರ ಕೊಡ ಹಿಡಿದೇ ಬಿದ್ದಳು. ಶುಗರ್ ನಲವತ್ತೊಂದು. ಬಾಯಿಗೆ ಗ್ಲೂಕೋಸ್ ಸವರಿದೆ. ಹಣೆಯ ಮೇಲೆ ಗಾಯ. ಎಚ್ಚರಾದ ಮೇಲೆ ಮೊದಲು ಹೊಟ್ಟೆ ಮುಟ್ಟಿಕೊಂಡಳು. ಆಮೇಲೆ ಅಂದಳು:

"ಆ ಮಷೀನ್ ಮ್ಯಾಲ ಎಷ್ಟ್ ನಂಬಿಗಿ ಇಟ್ಟಿದ್ದೆ ಅಕ್ಕಾ. ಮೋಸ ಮಾಡ್ತು."

ಮೋಸ ಮಾಡಿದ್ದು ಮಷೀನಲ್ಲ.

ವಾರದ ಮೇಲೆ ಡಾಕ್ಟರ್ ಬಾಯಿಯ ಹತ್ತಿರ ಹೋದೆವು. ಅತ್ತೆ, ರೇವಣ್ಣ, ಸವಿತಾ, ನಾನು. ಪಂಪ್ ಮೇಜಿನ ಮೇಲಿತ್ತು. ಅದರಲ್ಲಿ ದೋಷವಿಲ್ಲ, ಇವತ್ತೇ ಹಾಕೋಣ ಎಂದರು. ಸವಿತಾ ಕುರ್ಚಿ ಹಿಂದೆ ಸರಿಸಿದಳು. "ಬ್ಯಾಡ್ರಿ ಮೇಡಂ. ನನಗ ಅದರ ಅಂಜಿಕಿ ಬಂದದ."

"ಹಿಂಗೇ ಬೀಳ್ತಾ ಇದ್ರ ನಿನಗೂ ಕಷ್ಟ, ಕೂಸಿಗೂ ಕಷ್ಟ ಸವಿತಾ."

"ಬ್ಯಾಡ್ರಿ."

ಆಗ ಹೇಳಿದೆ. ಬಾನೆಟ್ಟು, ಪಂಕ್ಚರ್, ಬಿಸಿ ನೀರು, ಚರಂಡಿ ಎಲ್ಲ. ಕೊನೆಗೆ, "ಆದ್ರ ನೀನರೆ ನನಗ ಯಾಕ ಮುಚ್ಚಿಟ್ಟಿ?" ಎಂದೂ ಸೇರಿಸಿದೆ. ಅಂಥ ಹೊತ್ತಲ್ಲೂ ಆ 'ಆದ್ರ' ಬಿಡಲಿಲ್ಲ.

ಡಾಕ್ಟರ್ ಬಾಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅತ್ತೆ ಗೋಡೆಯ ಕಡೆ ತಿರುಗಿ ಕೂತರು. ಸವಿತಾ ಕೇಳಿದ್ದು ಒಂದೇ.

"ಐಸಿಯುದಾಗ ನಿನಗ ಗೊತ್ತಿತ್ತೇನು?"

"ಗೊತ್ತಿತ್ತು."

ಅವಳು ಪಂಪ್ ಕೈಗೆತ್ತಿಕೊಂಡು ನರ್ಸ್ ಜೊತೆ ಒಳಗೆ ಹೋದಳು. ನನ್ನ ಕಡೆ ನೋಡಲಿಲ್ಲ.

ಮುಂದಿನ ತಿಂಗಳು ರೇವಣ್ಣ ಫೋನ್ ಮಾಡಿದ. ಮೆತ್ತಗೇ ಮಾತಾಡಿದ. "ಇನ್ನ ಮ್ಯಾಲ ಔಷಧಿ ನಾನೇ ತರ್ತೇನ್ರಿ ಅಕ್ಕಾರ. ನೀವು ತ್ರಾಸ್ ತಗೋಬ್ಯಾಡ್ರಿ." ಹೂಂ ಅಂದೆ. ಫೋನಿಟ್ಟ ಮೇಲೆ, ಹೊಲಿಗೆ ಮಷೀನಿನ ಮುಂದೆ ಕೂತು, ಹೊಲಿದ ಒಂದು ತೋಳನ್ನು ಬಿಚ್ಚಿ ಮತ್ತೆ ಹೊಲಿದೆ.

ಈಗ ಅವಳಿಗೆ ನಾಲ್ಕನೆಯ ತಿಂಗಳು. ಪಂಪ್ ನಡೆಯುತ್ತಿದೆ. ಬೀಳುವುದು ನಿಂತಿದೆ. ಇಲ್ಲಿಯವರೆಗಿನ ಸ್ಕ್ಯಾನ್‌ಗಳಲ್ಲಿ ಏನೂ ಕಂಡಿಲ್ಲ. ಆದರೆ ಹೃದಯ, ಬೆನ್ನು ಎಲ್ಲ ಸರಿಯಾಗಿ ಕೂಡಿವೆಯೇ ಎಂಬುದು ಐದನೆಯ ತಿಂಗಳ ದೊಡ್ಡ ಸ್ಕ್ಯಾನಿನಲ್ಲೇ ತಿಳಿಯುವುದು. ಅಲ್ಲಿಯವರೆಗೆ ಕಾಯಬೇಕು. ದಿನ ಎಣಿಸುತ್ತಿದ್ದೇನೆ.

ಹೋದ ವಾರ ಕರೆಯದೆಯೇ ಭಾಲ್ಕಿಗೆ ಹೋದೆ. ಅವಳು ಪಡಸಾಲೆಯಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಅತ್ತೆ ಎದುರಿಗೇ ಕೂತಿದ್ದರು.

"ಕೂಡು," ಅಂದಳು. ಅಕ್ಕಾ ಅನ್ನಲಿಲ್ಲ.

"ಶುಗರ್ ಹ್ಯಾಂಗದ?"

"ನೂರಾ ಹನ್ನೆರಡು."

ಬೇಳೆಯಲ್ಲಿದ್ದ ಕಲ್ಲೊಂದನ್ನು ತೆಗೆದು ಪಕ್ಕಕ್ಕಿಟ್ಟಳು. ತಲೆಯೆತ್ತದೆ ಮಾತಾಡಿದಳು. "ಬಸುರಿನ ಮಾತು ನಿನಗ ಹೇಳೂದು ಅತ್ತಿ ಬ್ಯಾಡ ಅಂದ್ರು, ನಾ ಹೂಂ ಅಂದೆ. ಅದು ನಂದೇ ತಪ್ಪು. ನೀ ಸಿಟ್ಟಿಗಿ ಬಂದಿದ್ದೂ ತಿಳೀತದ. ಆದ್ರ ನಾ ಸಾಯ್ಲಾಕತ್ತಿದ್ದೆ. ನನ್ನ ಮಾರಿ ನೋಡ್ಕೋತ ಸುಳ್ಳು ಹೇಳ್ದಿ. ಅದು ಗಂಟಲಾಗ ಇಳೀವಲ್ದು ನನಗ."

ಅತ್ತೆ ಎದ್ದು ಹೋಗಲು ನೋಡಿದರು. "ನೀವೂ ಕೂಡ್ರಿ, ಅತ್ತೆಮ್ಮ," ಎಂದೆ. ಅವರ ಮುಂದೆಯೂ ಹೇಳಬೇಕಿತ್ತು. ಹಾದಿಯುದ್ದಕ್ಕೂ ಏನೇನೋ ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆರೆದಾಗ ಇಷ್ಟೇ ಬಂತು.

"ಸವೀ, ತಪ್ಪು ನಂದು. ಸಿಟ್ಟಿನಾಗ ಮಾಡ್ದೆ, ಅಂಜಿ ಮುಚ್ಚಿಟ್ಟೆ. ನಿನಗೂ ಕೂಸಿಗೂ ಮೋಸ ಮಾಡೀನಿ. ಮಾಫ್ ಮಾಡವ್ವಾ."