ಏಳು ಕುರಿ, ಒಂದು ಸ್ಲ್ಯಾಬು

ನಮ್ಮ ಮನೆಯ ಎಸ್ಟಿಮೇಟು ರಜೆಯ ದಿನ ಬೆಳಿಗ್ಗೆ ಅವಲಕ್ಕಿಯೊಂದಿಗೆ ಶುರುವಾಗಿ, ಮಧ್ಯಾಹ್ನ ಯಾರಾದರೊಬ್ಬರು ಸಿಟ್ಟಿನಿಂದ ಎದ್ದುಹೋಗುವುದರೊಂದಿಗೆ ಮುಗಿಯುತ್ತಿತ್ತು. ಇಚಲಕರಂಜಿಯಲ್ಲಿ ನಮ್ಮದು ಎರಡು ಕೋಣೆ, ಸ್ಲ್ಯಾಬಿನ ಮಾಳಿಗೆಯ ಒಂದು ಅಡುಗೆಮನೆ, ಮುಂದೊಂದು ತಗಡಿನ ಪಡಸಾಲೆ. ನೆಲ, ಗೋಡೆ, ವೈರಿಂಗು, ಬಚ್ಚಲು ಎಲ್ಲವನ್ನೂ ಒಂದೇ ಏಟಿಗೆ ಹೊಸದು ಮಾಡಬೇಕೆಂದು ಅಪ್ಪ ಹಟ ಹಿಡಿದಿದ್ದ. ಕೈಯಲ್ಲಿದ್ದದ್ದು ಆರು ಲಕ್ಷ, ಆಸೆ ಒಂಬತ್ತರದ್ದು.

ಅಪ್ಪ ಮೂವತ್ತು ವರ್ಷ ಬೇರೆಯವರ ಪವರ್‌ಲೂಮ್ ಓಡಿಸಿದವನು. ಮೀಟರಿಗಿಷ್ಟು ಎಂದು ಕೂಲಿ ಪಡೆದು ಪಡೆದು, ಯಾವ ಖರ್ಚನ್ನೂ ಬಟ್ಟೆಗೆ ಇಳಿಸದೆ ಅವನಿಗೆ ತಿಳಿಯುತ್ತಿರಲಿಲ್ಲ.

"ಕಮೋಡ್ ಅಂದ್ರ ಎಷ್ಟ್ ಮೀಟರ್ ಅರಿವಿ ಆತು?" ಎಂದು ಬೆರಳು ಮಡಿಸಿ ಎಣಿಸುತ್ತಿದ್ದ. ಎಣಿಸಿ ಮುಗಿಸಿ, "ಅಷ್ಟ್ ಅರಿವಿ ನೇದು ಅದರ ಮ್ಯಾಲ ಕುಂಡರೂದನ?" ಎನ್ನುತ್ತಿದ್ದ.

"ನಿಮಗ ಬ್ಯಾಡಾದ್ರ ನೀವು ಕುಂಡರಬ್ಯಾಡ್ರಿ," ಎಂದು ಅವ್ವ ಅವಲಕ್ಕಿಗೆ ನಿಂಬೆ ಹಿಂಡುತ್ತಿದ್ದಳು. "ನನ್ನ ಮೊಳಕಾಲಿಗೆ ಬೇಕು."

ನಾನು ಗೋಕುಳ ಶಿರಗಾಂವದ ಒಂದು ಫೌಂಡ್ರಿಯಲ್ಲಿ ಕೆಲಸಕ್ಕಿದ್ದೆ. ಕೆಲಸಕ್ಕಿಂತ ಹೆಚ್ಚು ಹೆಸರು ಮಾಡಿದ್ದು ಇನ್ನೊಬ್ಬರ ದನಿ ತೆಗೆಯುವುದರಲ್ಲಿ. ಸುಪರ್‌ವೈಸರ್ ಬೈಯುವುದು, ಕ್ಯಾಂಟೀನಿನ ಮಾವಶಿ ಚಹಾ ಹಾಕುತ್ತ ಗೊಣಗುವುದು, ಎಲ್ಲವೂ ನನ್ನ ಗಂಟಲಲ್ಲಿದ್ದವು. ನನ್ನ ಸ್ವಂತ ದನಿಗೆ ಮಾತ್ರ ಅಲ್ಲಿ ಜಾಗ ಕಡಿಮೆ. ಹುಡುಗಿ ನೋಡಲು ಹೋದಾಗ ನಾಲ್ಕು ಮಾತು ನೆಟ್ಟಗೆ ಆಡಲಾಗದೆ ಬರ್ಫಿ ತಿಂದು ಬಂದವನು ನಾನು. ಎಸ್ಟಿಮೇಟಿನ ಸಭೆಯಲ್ಲಿ ನನ್ನ ಪಾಲಿನ ಕೆಲಸವೆಂದರೆ ನಮ್ಮ ಮಿಸ್ತ್ರಿಯ ನಕಲು. ಹಾತಕಣಂಗಲೆಯ ಆ ಮನುಷ್ಯ ಬಾಯಲ್ಲಿ ತಂಬಾಕು ಇಟ್ಟುಕೊಂಡೇ ಮಾತಾಡುವವನು. ಪ್ರತಿ ಮಾತಿಗೂ ಮರಾಠಿಯಲ್ಲಿ "ಮಾಲಕ್, ಬಘಾ", ಅಂದರೆ ನೋಡ್ರಿ ಮಾಲಕರೇ, ಎನ್ನುತ್ತಿದ್ದ. ಹಾಗೆಂದನೆಂದರೆ ಖರ್ಚು ಹತ್ತು ಸಾವಿರ ಏರಿತೆಂದೇ ಲೆಕ್ಕ.

ಉಳಿದದ್ದನ್ನೆಲ್ಲ ಎಲ್ಲಿಂದ ತರುವುದು ಎಂಬ ಮಾತು ಬಂದಾಗ ಅವ್ವ ಒಮ್ಮೆ ಮಾತ್ರ ಹೇಳಿದ್ದಳು, "ಆ ಕುರಿ ಮಾರ್ರಿ." ಅಪ್ಪ ತಟ್ಟೆ ಅಲ್ಲೇ ಬಿಟ್ಟು ಎದ್ದು ಹೋಗಿದ್ದ.

ಕುರಿ ಏಳು. ಗಡಹಿಂಗ್ಲಜದ ಹತ್ತಿರ ನೂಲದಲ್ಲಿ ಅಪ್ಪನ ತಮ್ಮ, ನಮ್ಮ ಕಾಕಾನ ಹಿಂಡಿನೊಳಗೆ ಇದ್ದವು, ಎಡಕಿವಿಯ ತುದಿ ಕತ್ತರಿಸಿದವು ನಮ್ಮವು. ಅಪ್ಪ ಹದಿನೆಂಟಕ್ಕೇ ಹಿಂಡು ಬಿಟ್ಟು ಮಗ್ಗಕ್ಕೆ ಬಂದವನು. ಆದರೂ ಯಾರಾದರೂ ಏನು ಕೆಲಸ ಎಂದರೆ, "ನಾ ಕುರಿ ಕಾಯಾಂವ್ರಿ, ನಾಕ್ ದಿನಕ್ಕಂತ ಇಲ್ಲಿ ಬಂದೇನಿ" ಎನ್ನುತ್ತಿದ್ದ. ಆ ನಾಲ್ಕು ದಿನ ಮೂವತ್ತು ವರ್ಷ ನಡೆದಿದ್ದವು. ಏಳು ಕುರಿ ಅಲ್ಲಿ ಮೇಯುತ್ತಿರುವ ತನಕ ಅವನ ಮಾತು ಸುಳ್ಳಾಗುತ್ತಿರಲಿಲ್ಲ.

ಕೊನೆಗೆ ನಾಲ್ಕು ತಿಂಗಳು ಕತ್ತರಿಸಿ ಕತ್ತರಿಸಿ ಖರ್ಚನ್ನು ಆರು ಲಕ್ಷಕ್ಕೆ ತಂದೆವು. ಅವ್ವ ಕೇಳಿದ ಕಿಟಕಿ ಹೋಯಿತು, ನನ್ನ ಕೋಣೆಯ ಫಾಲ್ಸ್ ಸೀಲಿಂಗ್ ಹೋಯಿತು, ಕಮೋಡು ಉಳಿಯಿತು. ಅಪ್ಪ ಎರಡು ದಿನ ಗೆದ್ದವನಂತೆ ಓಣಿಯಲ್ಲಿ ಅಡ್ಡಾಡಿದ. ಆ ಮುಖ ನೋಡಿ ನನಗೆ ಸುಮ್ಮನಿರಲಾಗಲಿಲ್ಲ.

ಊಟದ ಬಿಡುವಿನಲ್ಲಿ ಫೌಂಡ್ರಿಯ ಗೆಳೆಯನೊಬ್ಬನ ಫೋನಿನಿಂದ ಅಪ್ಪನಿಗೆ ಹಚ್ಚಿದೆ. ತಂಬಾಕಿನ ಬದಲು ನಾಲಿಗೆಯ ಕೆಳಗೆ ಚಪಾತಿಯ ತುಂಡು.

"ಮಾಲಕ್, ಬಘಾ. ನನ್ನ ಫೋನ್ ನೀರಾಗ ಬಿದ್ದೈತಿ, ಇದು ಬ್ಯಾರೇದು. ನಿಮ್ಮ ಕಿಚನ್ ಸ್ಲ್ಯಾಬ್ ಬಡದ ನೋಡೀನಿ, ಮಾಳಗಿ ಒಳಗ ಪೂರಾ ಪೊಳ್ಳ. ಒಡದ ಹೊಸಾದ ಹಾಕೂದ. ಎಪ್ಪತ್ತ ಸಾವಿರ ಹಿಡೀರಿ."

ಆ ಕಡೆ ಮಗ್ಗ ಬಡಿಯುತ್ತಿತ್ತು. ಅದರ ಸದ್ದಿನ ನಡುವೆ ಅಪ್ಪ, "ಹೌದ್ರಿ. ನೋಡೂಣ್ರಿ," ಎಂದು ಇಟ್ಟುಬಿಟ್ಟ. ಗೆಳೆಯರೆಲ್ಲ ಬಿದ್ದುಬಿದ್ದು ನಕ್ಕರು. ಮತ್ತೆ ಹಚ್ಚಿ ನಾನೇ ಎಂದು ಹೇಳುವಷ್ಟರಲ್ಲಿ ಬಿಡುವು ಮುಗಿದ ಭೋಂಗಾ ಕೂಗಿತು, ಒಳಗೆ ಹೋದೆವು. ಆ ದಿನ ಓವರ್‌ಟೈಮೂ ಬಂತು. ಮನೆಗೆ ಬಂದಾಗ ಅಪ್ಪ ಮಲಗಿದ್ದ. ಬೆಳಿಗ್ಗೆ ಹೇಳಿ ನಗೋಣವೆಂದು ನಾನೂ ಮಲಗಿದೆ.

ಎದ್ದಾಗ ಅವ್ವ ಪಡಸಾಲೆಯಲ್ಲಿ ಸುಮ್ಮನೆ ಕೂತಿದ್ದಳು.

"ನಿಮ್ಮಪ್ಪ ಮೊದಲನೇ ಬಸ್ಸಿಗೆ ಗಡಹಿಂಗ್ಲಜಕ್ಕ ಹೋಗ್ಯಾನ. ಇವತ್ತ ಸಂತಿ ಐತಿ. ನಿನ್ನೆ ನಿಮ್ಮ ಕಾಕಾಗ ಫೋನ್ ಹಚ್ಚಿ ಅಲ್ಲಿಗೆ ಕುರಿ ತರ್ಸ್ಯಾನ. ಸ್ಲ್ಯಾಬ್ ಕೆಟ್ಟೈತಂತಲ್ಲ."

ಅಪ್ಪನ ಫೋನು ಗೋಡೆಯ ಬಳಿ ಚಾರ್ಜಿಗೆ ನೇತಾಡುತ್ತಿತ್ತು. ಸಂತೆಗೆ ಹೊರಟಿದ್ದ ಕಾಕಾನ ಫೋನು ಆಗಲೇ ರೇಂಜಿನ ಆಚೆ. ಗಾಡಿ ಹೊರಗೆಳೆದೆ.

ಕಾಗಲ, ನಿಪ್ಪಾಣಿ, ಸಂಕೇಶ್ವರ. ಮಹಾರಾಷ್ಟ್ರದಿಂದ ಹೊರಟು ಮಹಾರಾಷ್ಟ್ರ ಸೇರಲು ನಡುವೆ ಕರ್ನಾಟಕ ದಾಟಬೇಕು. ಕಬ್ಬಿನ ಟ್ರ್ಯಾಕ್ಟರುಗಳು ಎರಡೂ ರಾಜ್ಯಗಳಲ್ಲಿ ದಾರಿ ಬಿಡಲಿಲ್ಲ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಹೆಲ್ಮೆಟ್ಟಿನೊಳಗೆ ಬೇರೆ ಬೇರೆ ರೀತಿಯಲ್ಲಿ ಹೇಳಿ ನೋಡಿದೆ. ಒಂದೂ ಸರಿಹೋಗಲಿಲ್ಲ.

ಸಂತೆಯಲ್ಲಿ ಅಪ್ಪನನ್ನು ಹುಡುಕಲು ತಡವಾಗಲಿಲ್ಲ. ವ್ಯಾಪಾರಿಯೊಬ್ಬನ ಎದುರು ಕುಕ್ಕರಗಾಲಲ್ಲಿ ಕೂತಿದ್ದ. ಇಬ್ಬರ ಬಲಗೈಗಳೂ ಒಂದೇ ಟಾವೆಲ್ಲಿನ ಕೆಳಗೆ. ನಮ್ಮ ಕಡೆ ದನ-ಕುರಿಯ ರೇಟು ಬಾಯಲ್ಲಿ ಆಡುವುದಿಲ್ಲ, ಬಟ್ಟೆಯ ಕೆಳಗೆ ಬೆರಳು ಹಿಡಿದೇ ಹೇಳುವುದು, ಬೆರಳು ಹಿಡಿದೇ ಒಪ್ಪುವುದು. ಒಪ್ಪಿದ ಮೇಲೆ ತಿರುಗಿ ಮಾತಿಲ್ಲ. ಕಾಕಾ ಹಗ್ಗ ಹಿಡಿದು ನಿಂತಿದ್ದ. ಏಳೂ ಕುರಿ ಅವನ ಕಾಲ ಸುತ್ತ ಒತ್ತಾಗಿ ನಿಂತಿದ್ದವು.

ಅಪ್ಪನ ಪಕ್ಕ ಕೂತು ಕಿವಿಯಲ್ಲಿ ಹೇಳಿದೆ, "ಅಪ್ಪಾ, ಫೋನ್ ಮಾಡಿದಾಂವ ಮಿಸ್ತ್ರಿ ಅಲ್ಲ. ನಾ."

ಅಪ್ಪ ನನ್ನ ಕಡೆ ತಿರುಗಿ, ಬಹಳ ಮೆತ್ತಗೆ, "ಕುರಿ ಉಳಸಾಕ ಸುಳ್ಳ ಹೇಳಬ್ಯಾಡಪಾ," ಎಂದ.

"ಖರೇನ ನಾ. ಚೇಷ್ಟಿ ಮಾಡೀನಿ."

"ಹಂಗಾರ ಆ ದನಿ ತಗಿ. ಕೇಳೂಣು."

ಬಾಯಿ ತೆರೆದೆ. ಮದುವೆ, ಮುಂಜಿ, ಕ್ಯಾಂಟೀನು, ಎಲ್ಲಿ ಬೇಕಾದರೂ ಕೇಳುವ ಮುನ್ನ ಬರುತ್ತಿದ್ದ ಮಿಸ್ತ್ರಿ ಬರಲಿಲ್ಲ. "ಮಾಲಕ್" ಎಂದೆ, ನನ್ನದೇ ದನಿ. ಮತ್ತೊಮ್ಮೆ ಎಂದೆ, ಕೆಮ್ಮು ಬಂತು. ಕಾಕಾ, "ಏನಂತಾನ ಅಣ್ಣಾ ಅಂವಾ?" ಎಂದು ಕೇಳಿದ.

"ಏನಿಲ್ಲ. ಕುರಿ ಮ್ಯಾಲ ಜೀವ ಅವಂಗ," ಎಂದು ಅಪ್ಪ ನನ್ನ ತೊಡೆಯ ಮೇಲೆ ಎಡಗೈ ಇಟ್ಟ. ಟಾವೆಲ್ಲಿನ ಕೆಳಗೆ ಬಲಗೈ ಅಲುಗಿತು. ವ್ಯಾಪಾರಿ ಎದ್ದು ಕಾಕಾನ ಕೈಯಿಂದ ಹಗ್ಗ ತೆಗೆದುಕೊಂಡ.

ತಿರುಗಿ ಬರುವಾಗ ಸಂಕೇಶ್ವರದ ದಾರಿಯಲ್ಲಿ ಚಹಾಕ್ಕೆ ನಿಂತೆವು. ಎರಡು ಗುಟುಕು ಒಳಗಿಳಿದ ಮೇಲೆ ಹಾಳು ದನಿ ತಾನಾಗಿ ಬಂತು. "ಮಾಲಕ್, ಬಘಾ. ನಿಮ್ಮ ಕಿಚನ್ ಸ್ಲ್ಯಾಬ್ ಬಡದ ನೋಡೀನಿ."

ಅಪ್ಪ ಕಪ್ಪು ಕೆಳಗಿಟ್ಟ. "ಇನ್ನೊಮ್ಮೆ ಅನ್ನು."

ಅಂದೆ. ಪೂರ್ತಿ ಅಂದೆ, ಎಪ್ಪತ್ತು ಸಾವಿರದ ತನಕ. ಅಪ್ಪ ಬೈಯಲಿಲ್ಲ. ರಸ್ತೆಯ ಆಚೆ ಯಾರದೋ ಆಡುಗಳು ಮೇಯುತ್ತಿದ್ದವು, ಅವನ್ನು ನೋಡುತ್ತ ಕೂತ. ಅಂಗಡಿಯವ ಬಂದು ಕಪ್ಪು ಎತ್ತಿಕೊಂಡು ಹೋದ. ನಾನು ಗಾಡಿಯ ಕೀಲಿಯನ್ನು ಈ ಕೈಯಿಂದ ಆ ಕೈಗೆ ಹಾಕುತ್ತಿದ್ದೆ.

"ಅಪ್ಪಾ, ಅವೇ ಕುರಿ ತಿರಗಿ ತರೂಣು. ನಾನ ಹೋಗ್ತೀನಿ."

"ಬೆರಳ ಹಿಡದ ಕೊಟ್ಟೀನಿ. ಏನಂತ ತಿರಗಿ ಕೇಳ್ಲಿ?" ಎಂದ. ಎದ್ದು ಚಹಾದ ರೊಕ್ಕ ಕೊಟ್ಟು, "ಆ ಸ್ಲ್ಯಾಬ್ ಒಡಸೂಣು," ಎಂದ.

"ಅದು ಗಟ್ಟಿ ಐತಿ ಅಪ್ಪಾ."

"ಗೊತ್ತಾತಲ್ಲ. ನಿಮ್ಮ ಕಾಕಾಗ ಸ್ಲ್ಯಾಬ್ ಬೀಳಾಕತ್ತೈತಿ ಅಂತ ಹೇಳಿ ಕುರಿ ಬಿಡಿಸಿಕೊಂಡ ಬಂದೇನಿ. ಅಂವಾ ವಾಸ್ತುಶಾಂತಿಗೆ ಬರ್ತಾನ, ಬಂದಾಂವ ಮೊದಲ ಮ್ಯಾಲ ನೋಡ್ತಾನ. ಹಳೇ ಸ್ಲ್ಯಾಬ್ ಕಂಡ್ರ ಏನ್ ಹೇಳ್ಲಿ? ಮಗಾ ಚೇಷ್ಟಿ ಮಾಡಿದಾ, ಕುರಿ ಮಾರಿದೆ ಅಂತ ಹೇಳ್ಲಿ?" ಆಮೇಲೆ ಗಾಡಿಯ ಹಿಂದೆ ಕೂತು, "ನಿಮ್ಮವ್ವಗೂ ಹೇಳಬ್ಯಾಡ. ಆಕಿ ನಿನ್ನ ಹೊಡೀತಾಳ, ಆಮ್ಯಾಲ ನನ್ನೂ," ಎಂದ.

ಎಂಟು ದಿನಕ್ಕೆ ಕೆಲಸ ಶುರುವಾಯಿತು. ಮಿಸ್ತ್ರಿ ಅಡುಗೆಮನೆಯ ಮಾಳಿಗೆಯ ಮೇಲೆ ನಿಂತು ಕಾಲಿನಿಂದ ಎರಡು ಸಲ ತುಳಿದು, ಕೆಳಗೆ ನೋಡಿ ಹೇಳಿದ, "ಮಾಲಕ್, ಬಘಾ. ಹಾ ಸ್ಲ್ಯಾಬ್ ಏಕ್ ನಂಬರ್ ಆಹೇ. ಇಪ್ಪತ್ತ ವರ್ಷ ಏನೂ ಆಗೂದಿಲ್ಲ. ಯಾರ ಹೇಳಿದ್ರು ನಿಮಗ ಒಡೀರಿ ಅಂತ?"

ಮೊದಲ ಬಾರಿಗೆ ಆ ಮನುಷ್ಯ ಖರ್ಚು ಇಳಿಸುವ ಮಾತಾಡಿದ್ದ. ಅವ್ವ ಪಾತ್ರೆಗಳನ್ನು ಪಡಸಾಲೆಗೆ ಸಾಗಿಸುತ್ತಿದ್ದವಳು ನಿಂತು ಕೇಳಿಸಿಕೊಂಡಳು.

"ನಿಮಗಿಂತ ಶಾಣ್ಯಾ ಮಿಸ್ತ್ರಿ ಒಬ್ಬಾಂವ ಅದಾನ್ರಿ," ಎಂದ ಅಪ್ಪ. "ಅಂವಾ ಫೋನಿನ್ಯಾಗ ಬಡದ ನೋಡಿ ಹೇಳ್ಯಾನ."

ಆಮೇಲೆ ಹತ್ತು ಕಿಲೋದ ಸುತ್ತಿಗೆ ಎತ್ತಿ ನನ್ನ ಕೈಗೆ ಕೊಟ್ಟ. ಏಣಿ ಹತ್ತಿ ಮೇಲೆ ಹೋಗಿ, ಇದ್ದ ಬಲವನ್ನೆಲ್ಲ ಹಾಕಿ ಬಡಿದೆ. ಸುತ್ತಿಗೆ ಪುಟಿದು ಭುಜದ ತನಕ ಜುಮ್ಮೆಂದಿತು. ಸ್ಲ್ಯಾಬಿನ ಮೇಲೆ ಒಂದು ಬಿಳಿ ಗೆರೆ ಮಾತ್ರ ಮೂಡಿತ್ತು.

"ಇನ್ನೊಂದ ಹಾಕು," ಎಂದ ಅಪ್ಪ ಕೆಳಗಿನಿಂದ.